ಗುಜರಿ ಸೇರಬೇಕಿದ್ದ ಕಂಪ್ಯೂಟರ್‌ಗೆ ಹೊಸೂರಿನಲ್ಲಿ ಮರುಜೀವ

ಹೊಸೂರು: ಸ್ವಿಚ್ ಒತ್ತಿದರೆ ಮೊದಲು ಫ್ಯಾನ್ ಸದ್ದು. ಬೆನ್ನಿಗೇ ಡಿಸ್ಕ್ ತಿರುಗುವ ಕೀರಲು ದನಿ. ಪರದೆಯ ಮೇಲೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರಗಳು ಒಂದೊಂದೇ ಸಾಲು ಮೂಡುತ್ತವೆ. ಲಾಗಿನ್ ಕೇಳುವಷ್ಟರಲ್ಲಿ ಅಡುಗೆಮನೆಯಿಂದ ಕಾಫಿ ಬಂದಿರುತ್ತದೆ. ‘ಇದಕ್ಕೆ ಅವಸರ ಇಲ್ಲ, ನನಗೂ ಇಲ್ಲ’ ಎಂದು ನಗುತ್ತಾರೆ ಆ ಮನೆಯ ಯಜಮಾನರು.

ಚಂದ್ರಚೂಡೇಶ್ವರ ಬೆಟ್ಟದ ಆಚೆಯ ಬಡಾವಣೆಯೊಂದರಲ್ಲಿ ಅವರ ಮನೆ. ಮೂಲತಃ ಡೆಂಕಣಿಕೋಟೆ ತಾಲ್ಲೂಕಿನ ಕನ್ನಡ ಮನೆತನದವರು. ಓದಿದ್ದು ಕನ್ನಡ ಮಾಧ್ಯಮದಲ್ಲಿ, ದುಡಿದದ್ದು ಹೊಸೂರಿನ ಕಾರ್ಖಾನೆಗಳ ಡಿಸೈನ್ ವಿಭಾಗಗಳಲ್ಲಿ. ಈಗ ನಿವೃತ್ತರು. ‘ನನ್ನ ಹೆಸರು ಬೇಡ, ಮೆಷಿನ್‌ಗಳ ಹೆಸರು ಹಾಕಿದ್ರೆ ಸಾಕು’ ಎನ್ನುವ ಇವರ ಮಹಡಿ ಕೋಣೆಯಲ್ಲಿ ಆರು ಹಳೆಯ ವರ್ಕ್‌ಸ್ಟೇಷನ್‌ಗಳಿವೆ: ಸನ್ ಕಂಪನಿಯ ಎರಡು ಸ್ಪಾರ್ಕ್‌ಸ್ಟೇಷನ್ 5, ಒಂದು ಅಲ್ಟ್ರಾ 5, ಸಿಲಿಕಾನ್ ಗ್ರಾಫಿಕ್ಸ್‌ನ ನೀಲಿ ಬಣ್ಣದ ಇಂಡಿ ಮತ್ತು ಓ2, ಜೊತೆಗೆ ಎಚ್‌ಪಿ 9000 ಸಾಲಿನ ಒಂದು ಯಂತ್ರ. ಐದು ಚಾಲೂ ಇವೆ. ಆರನೆಯದು ಬಿಡಿಭಾಗಕ್ಕೆಂದು ಇಟ್ಟದ್ದು.

ಏನಿದು ವರ್ಕ್‌ಸ್ಟೇಷನ್?

1980 ಮತ್ತು 90ರ ದಶಕದಲ್ಲಿ ಮೇಜಿನ ಮೇಲಿನ ಸಾಧಾರಣ ಪಿಸಿಗೆ ಪತ್ರ ಟೈಪು ಮಾಡುವ, ಲೆಕ್ಕ ಬರೆಯುವ ಕೆಲಸ ಸಾಕಾಗಿತ್ತು. ಯಂತ್ರದ ಭಾಗವೊಂದನ್ನು ಮೂರು ಆಯಾಮಗಳಲ್ಲಿ ಬಿಡಿಸಿ, ಪರದೆಯ ಮೇಲೆ ತಿರುಗಿಸಿ ನೋಡಲು ಅದಕ್ಕೆ ತ್ರಾಣ ಇರಲಿಲ್ಲ. ಆ ಕೆಲಸಕ್ಕೆಂದೇ ಎಂಜಿನಿಯರುಗಳಿಗೆ, ವಿಜ್ಞಾನಿಗಳಿಗೆ ಬಂದ ಕಂಪ್ಯೂಟರ್‌ಗಳೇ ವರ್ಕ್‌ಸ್ಟೇಷನ್‌ಗಳು. ನಡೆಯುತ್ತಿದ್ದುದು ಯುನಿಕ್ಸ್ ಮೇಲೆ. ಬೆಲೆ ಲಕ್ಷಗಳಲ್ಲಿ.

ಸನ್ ಕಂಪನಿ ಶುರುವಾದದ್ದು 1982ರಲ್ಲಿ. ‘ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್’ ಎಂಬುದರ ಮೊದಲಕ್ಷರಗಳೇ ಆ ಹೆಸರು. ಸ್ಥಾಪಕರಲ್ಲಿ ಭಾರತದವರಾದ ವಿನೋದ್ ಖೋಸ್ಲಾ ಕೂಡ ಒಬ್ಬರು. 1990ರಲ್ಲಿ ಟಿಮ್ ಬರ್ನರ್ಸ್‌-ಲೀ ಅವರು ವರ್ಲ್ಡ್ ವೈಡ್ ವೆಬ್ ಕಟ್ಟಿದ್ದು ನೆಕ್ಸ್ಟ್ ಎಂಬ ಇಂಥದೇ ಯಂತ್ರದ ಮೇಲೆ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಕಂಪ್ಯೂಟರ್ ಡೈನೊಸಾರ್‌ಗಳು ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳಲ್ಲಿ ಹುಟ್ಟಿದವು.

90ರ ದಶಕದ ಕೊನೆಗೆ ಅಗ್ಗದ ಪಿಸಿಗಳೇ ಆ ಕೆಲಸಕ್ಕೆ ಸಾಕಾದವು. ವರ್ಕ್‌ಸ್ಟೇಷನ್ ಕಂಪನಿಗಳು ಒಂದೊಂದಾಗಿ ಸೊರಗಿದವು. ಡಿಜಿಟಲ್ ಕಂಪನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು. ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. ಕಾರ್ಖಾನೆಗಳ ಮೂಲೆಯಲ್ಲಿದ್ದ ಪೆಟ್ಟಿಗೆಗಳು ಗುಜರಿಗೆ ಹೊರಟವು.

ತೂಕಕ್ಕೆ ಸಿಕ್ಕ ಸಂಪತ್ತು

‘ನಾನು ಹತ್ತು ವರ್ಷ ದುಡಿದ ಮೆಷಿನ್ನು ತಕ್ಕಡಿ ಮೇಲೆ ಕೂತಿತ್ತು. ನೋಡೋಕಾಗಲಿಲ್ಲ. ಅವನು ಹೇಳಿದ ರೇಟು ಕೊಟ್ಟು ಆಟೊದಲ್ಲಿ ತಂದೆ’ ಎಂದು ಮೊದಲ ಯಂತ್ರ ಮನೆಗೆ ಬಂದ ದಿನವನ್ನು ನೆನೆಯುತ್ತಾರೆ. ಅದು 2004ರ ಮಾತು. ಉಳಿದವು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ, ಪರಿಚಿತರ ಗೋದಾಮುಗಳಿಂದ ಬಂದವು. ಬಾಗಿಲು ಮುಚ್ಚಿದ ಡಿಸೈನ್ ಕಚೇರಿಯೊಂದು ತನ್ನ ಸ್ಪಾರ್ಕ್‌ಸ್ಟೇಷನ್ನನ್ನು ಕ್ಯಾಡ್ ತಂತ್ರಾಂಶ, ಲೈಸೆನ್ಸ್ ಕಾಗದ ಸಮೇತ ಒಪ್ಪಿಸಿತು.

ಗುಜರಿಯವರ ಕಣ್ಣು ಬೋರ್ಡುಗಳ ಚಿನ್ನದ ಲೇಪನದ ಮೇಲೆ. ಹೀಗಾಗಿ ಹೊರಗಿನ ಡಬ್ಬ ಸಿಕ್ಕರೂ ಒಳಗೆ ಪ್ರೊಸೆಸರ್ ಇರದ ಯಂತ್ರಗಳೇ ಹೆಚ್ಚು. ಕೀಲಿಮಣೆ, ಮೌಸ್, ಕೇಬಲ್ ಸಿಗುವುದು ಇನ್ನೂ ಕಷ್ಟ. ಸನ್ ಯಂತ್ರದ ಮಾನಿಟರ್ ಕೇಬಲ್‌ನಲ್ಲಿ ಹತ್ತು ಸಣ್ಣ ಪಿನ್, ಮೂರು ದಪ್ಪ ಪಿನ್. ಇವತ್ತಿನ ಯಾವ ಮಾನಿಟರ್‌ಗೂ ಅದು ನೇರ ಕೂರುವುದಿಲ್ಲ. ಅಡಾಪ್ಟರ್ ಹಾಕಿದರೂ ಕೆಲವು ಎಲ್‌ಸಿಡಿಗಳು ಚಿತ್ರ ತೋರಿಸುವುದಿಲ್ಲ. ಆದ್ದರಿಂದಲೇ ಇಬ್ಬರು ಹಿಡಿದು ಎತ್ತಬೇಕಾದ ಹಳೆಯ ಗಾಜಿನ ಮಾನಿಟರ್ ಇನ್ನೂ ಕೋಣೆಯಲ್ಲಿದೆ.

ನೆನಪು ಕಳೆದುಕೊಳ್ಳುವ ಚಿಪ್

ಸ್ಪಾರ್ಕ್‌ಸ್ಟೇಷನ್‌ನ ದೊಡ್ಡ ಕಾಯಿಲೆ ಒಂದು ಚಿಕ್ಕ ಚಿಪ್. ಗಡಿಯಾರದ ಸಮಯ, ಯಂತ್ರದ ಗುರುತಿನ ಸಂಖ್ಯೆ, ನೆಟ್‌ವರ್ಕ್ ವಿಳಾಸ ಎಲ್ಲ ಅದರಲ್ಲೇ. ಅದರೊಳಗೇ ಬ್ಯಾಟರಿಯನ್ನೂ ಸೇರಿಸಿ ಸೀಲ್ ಮಾಡಿದ್ದಾರೆ. ಸುಮಾರು ಹತ್ತು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ. ಆಗ ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಆ ಕಾಲದ ದುಬಾರಿ ತಂತ್ರಾಂಶಗಳ ಲೈಸೆನ್ಸ್ ಇದೇ ಗುರುತಿನ ಸಂಖ್ಯೆಗೆ ಗಂಟು ಬಿದ್ದಿತ್ತು. ಸಂಖ್ಯೆ ಹೋದರೆ ತಂತ್ರಾಂಶ ಬಾಗಿಲು ತೆರೆಯುವುದಿಲ್ಲ.

ಇದಕ್ಕೂ ಮದ್ದುಂಟು. ಚಿಪ್‌ನ ಮೇಲ್ಭಾಗವನ್ನು ಅರದಿಂದ ನಿಧಾನವಾಗಿ ಉಜ್ಜಿ ತೆಗೆದು, ಒಳಗಿನ ಬ್ಯಾಟರಿಯ ತಂತಿಗಳನ್ನು ಹುಡುಕಿ, ಹಳೆಯ ಸಂಪರ್ಕ ಕತ್ತರಿಸಿ, ಅಂಗಡಿಯಲ್ಲಿ ಸಿಗುವ ನಾಣ್ಯದಂಥ ಸಿಆರ್ 2032 ಸೆಲ್ ಬೆಸುಗೆ ಹಾಕಬೇಕು. ನಂತರ ‘ಸ್ಟಾಪ್’ ಮತ್ತು ‘ಎ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ‘ಓಕೆ’ ಎಂದು ಬರುತ್ತದೆ. ಅಲ್ಲಿ ಕುಳಿತು ಹಳೆಯ ಗುರುತಿನ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ತುಂಬಿಸಬೇಕು.

‘ನಂಬರು ಗೊತ್ತಿದ್ರೆ ತಾನೆ ತುಂಬಿಸೋದು? ಯಂತ್ರ ಮನೆಗೆ ಬಂದ ದಿನವೇ ಡೈರೀಲಿ ಬರ್ಕೊಳ್ತೀನಿ’ ಎಂದು ಅವರು ತೋರಿಸುವ ಹಳೆಯ ಡೈರಿಯಲ್ಲಿ ಸಂಖ್ಯೆಗಳ ಪಕ್ಕದಲ್ಲೇ ಕನ್ನಡದಲ್ಲಿ ಟಿಪ್ಪಣಿ ಇದೆ: ಯಾವ ಸ್ಕ್ರೂ ಎಲ್ಲಿ, ಯಾವ ಕೆಪಾಸಿಟರ್ ಸೋರಿತ್ತು, ಯಾವ ಡಿಸ್ಕ್‌ನಲ್ಲಿ ಏನಿದೆ.

ಡಿಸ್ಕ್‌ಗಳೂ ಮುದಿಯಾಗಿವೆ. ಎರಡು ಯಂತ್ರಗಳಲ್ಲಿ ಅವುಗಳ ಜಾಗಕ್ಕೆ ಮೆಮೊರಿ ಕಾರ್ಡ್ ಹಾಕುವ ಪುಟ್ಟ ಬೋರ್ಡ್ ಬಂದಿದೆ. ಹಳೆಯ ಯಂತ್ರಕ್ಕೆ ಅದು ತನ್ನ ಡಿಸ್ಕ್‌ನಂತೆಯೇ ಕಾಣುತ್ತದೆ. ಕರೆಂಟ್ ಏಕಾಏಕಿ ಹೋದರೆ ಯುನಿಕ್ಸ್ ಕಡತಗಳು ಕೆಡಬಹುದು. ಹಾಗಾಗಿ ಯುಪಿಎಸ್ ಇಲ್ಲದೆ ಯಾವುದನ್ನೂ ಆನ್ ಮಾಡುವುದಿಲ್ಲ.

ಗೆದ್ದಲು ತಿಂದ ಡ್ರಾಯಿಂಗ್

ಹವ್ಯಾಸ ಎಂದು ಮನೆಯವರೂ ನಗುತ್ತಿದ್ದ ಈ ಕೋಣೆಗೆ 2023ರಲ್ಲಿ ಒಬ್ಬ ಕಕ್ಷಿದಾರ ಬಂದರು. ಸಿಪ್ಕಾಟ್ ಪ್ರದೇಶದಲ್ಲಿ ಸಣ್ಣ ಟೂಲ್‌ರೂಮ್ ನಡೆಸುವವರು. ಕೈಯಲ್ಲಿ 1996ರ ತಾರೀಕಿನ ಒಂದು ಟೇಪ್ ಕಾರ್ಟ್ರಿಜ್.

ಅವರ ತಂದೆಯ ಕಾಲದಲ್ಲಿ ಮಾಡಿದ ಅಲ್ಯುಮಿನಿಯಂ ಪಂಪ್ ಕವಚದ ಡೈ ಸವೆದುಹೋಗಿತ್ತು. ಹಳೆಯ ಗಿರಾಕಿ ಮತ್ತೆ ಅದೇ ಕವಚ ಕೇಳಿದ್ದರು. ಕಾಗದದ ಡ್ರಾಯಿಂಗನ್ನು ಗೆದ್ದಲು ತಿಂದಿತ್ತು. ಕವಚವನ್ನೇ ಅಳೆದು ಡೈ ಮಾಡಬಹುದಲ್ಲ ಎಂದರೆ ಅಷ್ಟು ಸುಲಭವಲ್ಲ. ಕರಗಿದ ಅಲ್ಯುಮಿನಿಯಂ ತಣಿದಾಗ ಕುಗ್ಗುತ್ತದೆ. ಅದಕ್ಕೆಂದು ಡೈಯನ್ನು ಸುಮಾರು ಅರ್ಧ ಪರ್ಸೆಂಟ್ ದೊಡ್ಡದಾಗಿ ಕಡೆದಿರುತ್ತಾರೆ. ಸವೆದ ಡೈಯಿಂದ ಬಂದ ಕವಚ ಅಳೆದರೆ ಆ ಸವೆತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

‘ಅಣ್ಣಾ, ಬೆಂಗಳೂರಲ್ಲಿ ಮೂರು ಕಡೆ ಕೇಳ್ದೆ. ಟೇಪ್ ನೋಡಿ ಮ್ಯೂಸಿಯಂಗೆ ಕೊಡಿ ಅಂದ್ರು’ ಎಂದಿದ್ದರಂತೆ ಅವರು.

ಟೇಪ್ ಡ್ರೈವ್ ಕಪಾಟಿನಲ್ಲಿತ್ತು. ಆದರೆ ಅದರೊಳಗಿನ ರಬ್ಬರ್ ಉರುಳೆ ಕರಗಿ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಅದನ್ನು ಪೂರ್ತಿ ಕೆರೆದು ತೆಗೆದು, ಮೆಡಿಕಲ್ ಶಾಪಿನಿಂದ ತಂದ ರಬ್ಬರ್ ನಳಿಕೆಯ ತುಂಡು ಕತ್ತರಿಸಿ ತೊಡಿಸಿದರು. ಮೊದಲ ಸಲ ಟೇಪ್ ಅರ್ಧ ನಿಮಿಷ ಓಡಿ ನಿಂತಿತು. ಬಿಚ್ಚಿ ನೋಡಿದರೆ ಕಾರ್ಟ್ರಿಜ್ ಒಳಗಿನ ಪಟ್ಟಿ ತುಂಡಾಗಿತ್ತು. ಇನ್ನೊಂದು ಕಾರ್ಟ್ರಿಜ್‌ನಿಂದ ಪಟ್ಟಿ ತೆಗೆದು ಹಾಕಿ, ಟೇಪನ್ನು ಕೈಯಲ್ಲೇ ಸುತ್ತಿ, ಮರುದಿನ ಮತ್ತೆ ಓಡಿಸಿದರು.

ಮುಕ್ಕಾಲು ಭಾಗ ಓದಿತು. ಕೊನೆಯ ಕಾಲು ಭಾಗ ಇಂದಿಗೂ ಓದಿಲ್ಲ. ಪಂಪ್ ಕವಚದ ಕಡತ ಅದೃಷ್ಟಕ್ಕೆ ಮೊದಲ ಭಾಗದಲ್ಲೇ ಇತ್ತು. ಅಂದಿನ ತಂತ್ರಾಂಶದಲ್ಲೇ ತೆರೆದು, ಇವತ್ತಿನ ತಂತ್ರಾಂಶಗಳೂ ಓದುವ ಐಜಿಇಎಸ್ ರೂಪಕ್ಕೆ ಬದಲಿಸಿ, ನೆಟ್‌ವರ್ಕ್ ಮೂಲಕ ಲ್ಯಾಪ್‌ಟಾಪಿಗೆ ಇಳಿಸಿದರು. ಡೈ ಮತ್ತೆ ಸಿದ್ಧವಾಯಿತು.

ಉಳಿದ ಕಾಲು ಭಾಗದಲ್ಲಿ ಆ ತಂದೆ ಮಾಡಿದ ಬೇರೆ ಡ್ರಾಯಿಂಗ್‌ಗಳಿದ್ದವು. ‘ಐದು ವರ್ಷ ಮುಂಚೆ ತಂದಿದ್ರೆ ಬಹುಶಃ ಪೂರ್ತಿ ಸಿಗ್ತಿತ್ತು. ಟೇಪು ಕಾಯಲ್ಲ’ ಎನ್ನುವಾಗ ಅವರ ದನಿ ಕುಗ್ಗುತ್ತದೆ.

ಪೆಟ್ಟಿಗೆ ಯಾಕೆ ಬೇಕು?

ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರ್‌ನೊಳಗೇ ಅನುಕರಿಸುವ ತಂತ್ರಾಂಶಗಳಿವೆ. ಕ್ಯೂಎಮು ಎಂಬ ಉಚಿತ ತಂತ್ರಾಂಶದಲ್ಲಿ ಸ್ಪಾರ್ಕ್‌ಸ್ಟೇಷನ್ 5 ಕೂಡ ನಡೆಯುತ್ತದೆ. ಅಸಲಿ ಯಂತ್ರಕ್ಕೆ ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ವ್ಯವಸ್ಥೆ ಈಗಲೂ ಸಿಗುತ್ತದೆ. ಇವೆರಡನ್ನೂ ಅವರು ಬಳಸುತ್ತಾರೆ. ‘ಕಡತ ಕೈಗೆ ಬಂದ ಮೇಲೆ ಎಲ್ಲಿ ಬೇಕಾದ್ರೂ ನಡೆಸಿ. ಆದ್ರೆ ಟೇಪು ತೂರಿಸೋಕೆ ಒಂದು ತೂತು ಬೇಕಲ್ಲ, ಅದು ಲ್ಯಾಪ್‌ಟಾಪಲ್ಲಿ ಎಲ್ಲಿದೆ?’ ಎಂಬುದು ಅವರ ಪ್ರಶ್ನೆ.

ಪಂಪ್ ಕವಚದ ಸುದ್ದಿ ಬಾಯಿಂದ ಬಾಯಿಗೆ ಹರಡಿ ಇನ್ನೂ ಕೆಲವರು ಟೇಪ್, ಫ್ಲಾಪಿ ತಂದಿದ್ದಾರೆ. ಅವರು ಹಣ ಕೇಳುವುದಿಲ್ಲ. ಕೇಳುವುದು ಒಂದೇ: ನಿಮ್ಮ ಗೋದಾಮಿನಲ್ಲಿ ಇಂಥ ಡ್ರೈವ್ ಇದ್ದರೆ ಗುಜರಿಗೆ ಹಾಕಬೇಡಿ. ತೀರಾ ಕೆಟ್ಟದ್ದನ್ನು ಬಿಸಾಡುವುದಾದರೂ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೇ ಕೊಡಿ ಎನ್ನುತ್ತಾರೆ. ಹಳೆಯ ಮಾನಿಟರ್ ಗಾಜಿನಲ್ಲಿ ಸೀಸ ಇರುತ್ತದೆ. ಒಡೆದು ಸುಡುವವರಿಗೂ ನೆಲಕ್ಕೂ ಅದು ವಿಷ.

ಮುಂದೆ ಯಾರು?

ಪ್ರತಿ ವರ್ಷ ಆಯುಧಪೂಜೆಯಂದು ಎಲ್ಲ ಯಂತ್ರಗಳಿಗೂ ಧೂಳು ಒರೆಸಿ, ಕುಂಕುಮ ಇಟ್ಟು, ಒಂದೊಂದಾಗಿ ಆನ್ ಮಾಡುತ್ತಾರೆ. ಅಂದು ಬೀದಿಯ ಮಕ್ಕಳೆಲ್ಲ ಮಹಡಿ ಮೇಲೆ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಪ್ರಶ್ನೆಗಳ ಸುರಿಮಳೆ. ಇಂಡಿ ಯಂತ್ರದ ಜೊತೆಗೆ ಬಂದ ಪುಟ್ಟ ಕ್ಯಾಮೆರಾದಲ್ಲಿ ತಮ್ಮ ಮುಖ ನೋಡಿಕೊಳ್ಳಲು ಸರದಿ ಸಾಲು.

ಬಂದವರೆಲ್ಲ ಆಟ ನೋಡಿ ಹೋಗುತ್ತಾರೆ. ಅರ ಹಿಡಿದು ಕೂರುವವರು ಇನ್ನೂ ಸಿಕ್ಕಿಲ್ಲ. ಮಗ ಬೇರೆ ಊರಿನಲ್ಲಿ, ಬೇರೆ ಕೆಲಸದಲ್ಲಿ. ‘ನಿಮ್ಮ ಕಾಲ ಆದ್ಮೇಲೆ ಇದನ್ನೆಲ್ಲ ನಾನೇನು ಮಾಡ್ಲಿ ರೀ?’ ಎಂದು ಹೆಂಡತಿ ಕೇಳಿದ್ದಕ್ಕೆ ಅವರ ಬಳಿ ಉತ್ತರ ಇರಲಿಲ್ಲವಂತೆ. ಅಂದಿನಿಂದ ಡೈರಿಯ ಟಿಪ್ಪಣಿಗಳನ್ನು ದೊಡ್ಡ ನೋಟ್‌ಬುಕ್ಕಿಗೆ ದುಂಡಗಿನ ಕನ್ನಡ ಅಕ್ಷರದಲ್ಲಿ ನಕಲು ಮಾಡುತ್ತಿದ್ದಾರೆ. ಎಂಟನೇ ತರಗತಿ ಹುಡುಗ ಓದಿದರೂ ತಿಳಿಯಬೇಕು ಎಂಬುದು ಅವರ ಲೆಕ್ಕ.

ಎರಡು ನೋಟ್‌ಬುಕ್ ತುಂಬಿವೆ. ಮೂರನೆಯದರ ಮೊದಲ ಪುಟದ ತಲೆಬರಹ: ‘ಟೇಪ್ ಡ್ರೈವಿನ ಉರುಳೆ ಬದಲಿಸುವುದು ಹೇಗೆ’.