ನೀರಿನ ಜಾಡು ಹಿಡಿದು ಥರ್ಮೋಸ್ಟಾಟ್‌ವರೆಗೆ

ಬಾನೆಟ್ ಎತ್ತಿದ ಕೂಡಲೇ ಕಾಣಿಸುವ ವಸ್ತುವಲ್ಲ ಥರ್ಮೋಸ್ಟಾಟ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾಲ್ವ್. ಒಂದು ಮುಚ್ಚಳದೊಳಗೆ ಕೂಲೆಂಟಿನಲ್ಲಿ ಮುಳುಗಿ ಕೂತಿರುತ್ತದೆ. ಆದರೂ ಅನುಭವಿ ಮೆಕ್ಯಾನಿಕ್ ಹಿಂದೆಂದೂ ಮುಟ್ಟದ ಕಾರಿನಲ್ಲೂ ಅದನ್ನು ಪತ್ತೆ ಮಾಡಬಲ್ಲ. ನೀರು ಹರಿಯುವ ದಾರಿ ಗೊತ್ತಿದ್ದವನಿಗೆ ಪ್ರತಿ ಕಾರಿನ ನಕ್ಷೆ ಬಾಯಿಪಾಠ ಬೇಕಿಲ್ಲ.

ಆ ದಾರಿ ಹೀಗಿದೆ. ವಾಟರ್ ಪಂಪ್ ಕೂಲೆಂಟನ್ನು ಸಿಲಿಂಡರುಗಳ ಸುತ್ತ ಹರಿಸಿ ಹೆಡ್ಡಿಗೆ ತಳ್ಳುತ್ತದೆ. ಕಾದ ಕೂಲೆಂಟ್ ಸಾಮಾನ್ಯವಾಗಿ ಮೇಲಿನ ಹೋಸ್‌ನಲ್ಲಿ ರೇಡಿಯೇಟರಿಗೆ ಹೋಗಿ, ತಣಿದು, ಕೆಳಗಿನ ಹೋಸ್‌ನಲ್ಲಿ ಪಂಪಿಗೆ ಮರಳುತ್ತದೆ. ಆದರೆ ಆಗಷ್ಟೇ ಸ್ಟಾರ್ಟ್ ಆದ ಎಂಜಿನ್ನು ಮೊದಲು ಬಿಸಿಯಾಗಬೇಕು. ಆಗ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ಮುಚ್ಚಿಕೊಂಡು, ಬೈಪಾಸಿನಲ್ಲಿ ಎಂಜಿನ್ನಿನೊಳಗೇ ಕೂಲೆಂಟ್ ಸುತ್ತುವಂತೆ ಮಾಡುತ್ತದೆ. ಕೆರೆಯ ತೂಬು ಕಾಯುವ ನೀರುಗಂಟಿಯ ಕೆಲಸ ಇದರದು.

ಈ ಕಾವಲಿಗೆ ವಿದ್ಯುತ್ತೂ ಬೇಡ, ಯಾರ ಕೈಯೂ ಬೇಡ. ಒಳಗಿನ ಪುಟ್ಟ ಲೋಹದ ಬಟ್ಟಲಿನಲ್ಲಿ ಮೇಣವಿದೆ. ಕರಗುವಾಗ ಮೇಣ ಹಿಗ್ಗಿ ಒಂದು ಕಡ್ಡಿಯನ್ನು ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ರೂಪಿಸಿದ ಈ ಉಪಾಯ ಇಂದಿಗೂ ಕಾರುಗಳಲ್ಲಿ ದುಡಿಯುತ್ತಿದೆ. ತೆರೆಯತೊಡಗುವ ಉಷ್ಣಾಂಶವನ್ನು, ಉದಾಹರಣೆಗೆ 82 ಅಥವಾ 88 ಡಿಗ್ರಿ ಸೆಲ್ಸಿಯಸ್, ಸಾಮಾನ್ಯವಾಗಿ ವಾಲ್ವಿನ ಮೇಲೆಯೇ ಒತ್ತಿರುತ್ತಾರೆ.

ಇನ್ನು ಹುಡುಕುವ ಕ್ರಮ. ಎಂಜಿನ್ ಪೂರ್ತಿ ತಣ್ಣಗಿರಲಿ. ರೇಡಿಯೇಟರಿನ ಮೇಲಿನ ಹೋಸನ್ನು ಎಂಜಿನ್ನಿನ ಕಡೆಗೆ ಬೆರಳಿನಲ್ಲೇ ಹಿಂಬಾಲಿಸಿ. ಅದು ಮುಗಿಯುವಲ್ಲಿ ಎರಡು ಮೂರು ಬೋಲ್ಟು ಬಿಗಿದ ಬಾಗಿದ ಮುಚ್ಚಳವಿದ್ದರೆ, ಥರ್ಮೋಸ್ಟಾಟ್ ಬಹುಪಾಲು ಅದರಡಿಯಲ್ಲೇ. ಹಳೆಯ ಅಂಬಾಸಡರ್ ಇದಕ್ಕೆ ಒಳ್ಳೆಯ ಪಾಠ: ಅದರ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ನಿನಲ್ಲಿ ಹೆಡ್ಡಿನ ಮುಂತುದಿಯ ಮೇಲೆಯೇ ಆ ಮುಚ್ಚಳ, ಎದುರಿಗೇ ರೇಡಿಯೇಟರ್.

ಅಲ್ಲಿ ಸಿಗದಿದ್ದರೆ ಕೆಳಗಿನ ಹೋಸ್ ಹಿಡಿಯಬೇಕು. ಟೊಯೊಟಾ, ಹೋಂಡಾಗಳ ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಇರುವುದು ಕೂಲೆಂಟ್ ಒಳಬರುವ ಬಾಯಲ್ಲಿ, ಪಂಪಿನ ಹತ್ತಿರ. ಅದರ ಹಿಂದೆ ಸೊಗಸಾದ ಆಲೋಚನೆಯಿದೆ. ರೇಡಿಯೇಟರಿನ ತಣ್ಣನೆಯ ಕೂಲೆಂಟೂ ಬೈಪಾಸಿನ ಬಿಸಿ ಕೂಲೆಂಟೂ ಅಲ್ಲಿ ಬೆರೆಯುತ್ತವೆ. ಆ ಬೆರೆತ ಹದವನ್ನು ಮೇಣ ಗ್ರಹಿಸುವುದರಿಂದ ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ನುಗ್ಗುವುದಿಲ್ಲ, ಉಷ್ಣಾಂಶ ಹೆಚ್ಚು ಸ್ಥಿರವಾಗಿರುತ್ತದೆ.

ಜಾಗ ತಿಳಿದ ಮೇಲೆ ಬಿಚ್ಚುವುದು ಸುಲಭ. ಕೂಲೆಂಟ್ ಇಳಿಸಿ, ಮುಚ್ಚಳ ತೆಗೆದು, ಹಳೆಯ ಗ್ಯಾಸ್ಕೆಟ್ ಕೆರೆದು ಹೊಸದು ಕೂರಿಸಬೇಕು. ಮೇಣದ ಬಟ್ಟಲೂ ಸ್ಪ್ರಿಂಗೂ ಎಂಜಿನ್ನಿನ ಕಡೆಗೇ ಇರಬೇಕು. ಗಾಳಿ ಹೊರಹೋಗಲು ಪುಟ್ಟ ತೂತೋ ಅಲುಗುವ ಪಿನ್ನೋ ಇದ್ದರೆ ಸಾಮಾನ್ಯವಾಗಿ ಅದು ಮೇಲಕ್ಕೆ. ಸಂಶಯವಿದ್ದರೆ ವಾಲ್ವನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ: ಅದರ ಮೇಲೆ ಬರೆದ ಉಷ್ಣಾಂಶದ ಆಸುಪಾಸಿನಲ್ಲಿ ಬಾಯಿ ಬಿಡಬೇಕು.

ನಮ್ಮ ಬಿಸಿಲಿಗೆ ಇದು ಬೇಡವೆಂದು ಕಿತ್ತೆಸೆಯುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಮುಚ್ಚಿದಂತೆಯೇ ಕೆಟ್ಟ ವಾಲ್ವ್ ಎಂಜಿನ್ನನ್ನು ಕಾಯಿಸಿ ಕೆಡಿಸುವುದು ನಿಜ. ಅದಕ್ಕೆ ಮದ್ದು ಹೊಸ ವಾಲ್ವ್. ತೆಗೆದುಹಾಕಿದರೆ ಎಂಜಿನ್ ಹದಕ್ಕೆ ಬರಲು ತಡವಾಗಿ ಇಂಧನ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬೈಪಾಸನ್ನು ಮುಚ್ಚುವುದೂ ಇದೇ ವಾಲ್ವ್. ಅಲ್ಲಿ ಇದನ್ನು ತೆಗೆದರೆ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ತಿರುಗುತ್ತ, ತಣ್ಣಗಿರಲೆಂದು ವಾಲ್ವ್ ಕಿತ್ತ ಎಂಜಿನ್ನೇ ಏರುದಾರಿಯಲ್ಲಿ ಹೆಚ್ಚು ಕಾಯಬಹುದು.