ಮುಳ್ಳು ಸುಳ್ಳು ಹೇಳಿದಾಗ

ಸಿರುಗುಪ್ಪದಿಂದ ಬತ್ತದ ಚೀಲಗಳನ್ನು ಹೇರಿಕೊಂಡು ತೆಕ್ಕಲಕೋಟೆಯ ಮಾರ್ಗವಾಗಿ ಬಳ್ಳಾರಿಗೆ ಹೊರಟ ಹಳೆಯ ಪಿಕಪ್ ಬಂಡಿಯೊಂದನ್ನು ಊಹಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಮಧ್ಯಾಹ್ನ. ಹೊರಗೆ ೪೦ ಡಿಗ್ರಿ ಸೆಲ್ಸಿಯಸ್ ತಾಪ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಮೆ ಡೀಸೆಲ್ ಇದೆಯೆಂಬುದು ಚಾಲಕನಿಗೆ ಗೊತ್ತು. ಆದರೂ ಡೀಸೆಲ್ ಮಾಪಕದ ಮುಳ್ಳು 'ಟ್ಯಾಂಕು ತುಂಬಿದೆ' ಎನ್ನುತ್ತಿದೆ. ಪಕ್ಕದ ಉಷ್ಣಮಾಪಕದ ಮುಳ್ಳು ಎಂಜಿನ್ನಿನ ನೀರು ಕುದಿಯುತ್ತಿದೆಯೆಂದು ಸಾರುತ್ತಿದೆ. ಬಂಡಿಯನ್ನು ನಿಲ್ಲಿಸಿ, ಎಂಜಿನ್ ಆರಿದ ಮೇಲೆ ನೋಡಿದರೆ ನೀರು ಇದ್ದಷ್ಟೇ ಇದೆ. ಕುದಿದ ಗುರುತೇ ಇಲ್ಲ.

ಇಂಥ ವೇಳೆಯಲ್ಲಿ ಮನುಷ್ಯನು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುವುದು ಸಹಜ. ಎರಡು ಮಾಪಕಗಳನ್ನೂ ಕಿತ್ತು ಹೊಸದನ್ನು ಹಾಕಿಸುವುದು ಮೊದಲನೆಯದು. ಅದರಿಂದ ಹಣ ಮಾತ್ರ ಹೋಗುತ್ತದೆ. 'ಈ ಮುಳ್ಳು ಹೇಳುವುದೆಲ್ಲ ಸುಳ್ಳು' ಎಂದು ಅದನ್ನು ನೋಡುವುದನ್ನೇ ಬಿಡುವುದು ಎರಡನೆಯದು. ಅದರಿಂದ ಒಂದಲ್ಲ ಒಂದು ದಿನ ಎಂಜಿನ್ನೇ ಹೋಗುತ್ತದೆ. ಮುಳ್ಳು ಏಕೆ ಸುಳ್ಳು ಹೇಳುತ್ತದೆಂಬುದನ್ನು ತಿಳಿದವನು ಈ ಎರಡರಿಂದಲೂ ಪಾರಾಗಬಹುದು.

ಪ್ರವಾಹದ ದಾರಿ

ಹಳೆಯ ಬಂಡಿಗಳ ಟ್ಯಾಂಕಿನೊಳಗೆ ತೇಲುವ ಗುಂಡೊಂದು ಇರುತ್ತದೆ. ಡೀಸೆಲ್ ಏರಿಳಿದಂತೆ ಅದು ಏರಿಳಿದು, ತನ್ನ ತೋಳಿನ ಮೂಲಕ ಒಂದು ತಂತಿಸುರುಳಿಯ ರೋಧವನ್ನು ಹೆಚ್ಚು ಕಡಮೆ ಮಾಡುತ್ತದೆ. ಎಂಜಿನ್ನಿನ ನೀರಿನಲ್ಲಿ ಗುಂಡಿಲ್ಲ. ಅಲ್ಲಿರುವುದು ಬಿಸಿಯಾದಂತೆ ರೋಧ ತಗ್ಗುವ ವಸ್ತುವನ್ನೊಳಗೊಂಡ ಪುಟ್ಟ ಬಿರಡೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮಾಪಕವನ್ನು ಹಾಯ್ದು, ಈ ರೋಧವನ್ನು ದಾಟಿ, ಬಂಡಿಯ ಕಬ್ಬಿಣದ ಮೈಯ ಮೂಲಕ ಮತ್ತೆ ಬ್ಯಾಟರಿಯನ್ನು ಸೇರುತ್ತದೆ. ಈ ಮೈಯನ್ನೇ ಮೆಕಾನಿಕ್‌ಗಳು 'ಅರ್ಥ್' ಎನ್ನುತ್ತಾರೆ. ರೋಧ ಕಡಮೆಯಾದರೆ ಪ್ರವಾಹ ಹೆಚ್ಚುತ್ತದೆ. ಜರ್ಮನಿಯ ಜಾರ್ಜ್ ಓಮ್ ೧೮೨೭ರಲ್ಲಿ ಪ್ರಕಟಿಸಿದ ನಿಯಮವೇ ಇದು.

ಮಾಪಕದೊಳಗೆ ಬೇರೆ ಬೇರೆಯಾಗಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯಿದೆ. ಅದಕ್ಕೆ ಸುತ್ತಿದ ತಂತಿಯಲ್ಲಿ ಪ್ರವಾಹ ಹರಿದಾಗ ಪಟ್ಟಿ ಕಾದು ಬಾಗುತ್ತದೆ, ಮುಳ್ಳು ಏರುತ್ತದೆ. ಕೀಲಿ ತಿರುಗಿಸಿದಾಗ ಮುಳ್ಳು ಥಟ್ಟನೆ ಹಾರದೆ ಮೆಲ್ಲನೆ ಏಳುವುದನ್ನು ನಾವು ನೋಡಿಲ್ಲವೆ? ಪಟ್ಟಿ ಕಾಯಲು ತಗಲುವ ಕಾಲವೇ ಅದಕ್ಕೆ ಕಾರಣ.

ಕಾವಲುಗಾರನ ಕಥೆ

ಇಲ್ಲೊಂದು ತೊಡಕುಂಟು. ೧೨ ವೋಲ್ಟಿನ ಬ್ಯಾಟರಿಯ ಒತ್ತಡ, ಎಂಜಿನ್ ಓಡುವಾಗ ಸುಮಾರು ೧೪ ವೋಲ್ಟಿಗೆ ಏರುತ್ತದೆ. ಡೀಸೆಲ್ ಅಷ್ಟೇ ಇದ್ದರೂ ಮುಳ್ಳು ಅಲುಗಬಾರದಲ್ಲವೆ? ಅದಕ್ಕಾಗಿ ಅನೇಕ ಹಳೆಯ ಬಂಡಿಗಳಲ್ಲಿ ಮಾಪಕಗಳಿಗೆ ಮುಂಚೆ ಸ್ಟೆಬಿಲೈಸರ್ ಎಂಬ ಸಣ್ಣ ಡಬ್ಬಿಯನ್ನು ಇಟ್ಟಿರುತ್ತಾರೆ. ಅದರಲ್ಲಿಯೂ ಜೋಡಿಲೋಹದ ಪಟ್ಟಿಯೇ. ಅದು ಕಾದಾಗ ಸಂಪರ್ಕ ಬಿಡುತ್ತದೆ, ಆರಿದಾಗ ಕೂಡುತ್ತದೆ. ಹೀಗೆ ಬಿಡುತ್ತ ಕೂಡುತ್ತ ಸರಾಸರಿ ೧೦ ವೋಲ್ಟಿನಷ್ಟನ್ನೇ ಮುಂದಕ್ಕೆ ಬಿಡುವ ಡಬ್ಬಿಗಳು ಬ್ರಿಟಿಷ್ ಮಾದರಿಯ ಬಂಡಿಗಳಲ್ಲಿ ಸಾಮಾನ್ಯ.

ಈ ಡಬ್ಬಿಯ ಅರ್ಥ್ ಸಡಿಲಗೊಂಡಿತೆನ್ನಿ. ಅದರ ಪಟ್ಟಿಯನ್ನು ಕಾಯಿಸುವ ಪ್ರವಾಹವೇ ನಿಂತುಹೋಗುತ್ತದೆ. ಸಂಪರ್ಕ ಬಿಡುವುದೇ ಇಲ್ಲ. ೧೦ರ ಬದಲು ಪೂರ್ತಿ ೧೪ ವೋಲ್ಟು ಮಾಪಕಗಳಿಗೆ ನುಗ್ಗುತ್ತದೆ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ೧.೪ರ ವರ್ಗ ೧.೯೬, ಎಂದರೆ ಪಟ್ಟಿಗೆ ಹೆಚ್ಚುಕಡಮೆ ಇಮ್ಮಡಿ ಕಾವು. ನಮ್ಮ ಸಿರುಗುಪ್ಪದ ಬಂಡಿಯಲ್ಲಿ ಎರಡು ಮುಳ್ಳುಗಳೂ ಒಟ್ಟಿಗೆ ಮೇಲೇರಿದ್ದರ ಗುಟ್ಟು ಇದು. ಬೇಕಾದದ್ದು ಹೊಸ ಮಾಪಕವಲ್ಲ. ಒಂದು ತಿರುಪನ್ನು ಬಿಗಿಮಾಡುವುದು, ಇಲ್ಲವೆ ಡಬ್ಬಿಯೇ ಕೆಟ್ಟಿದ್ದರೆ ಅದೊಂದನ್ನು ಬದಲಿಸುವುದು.

ಒಂದೋ, ಹಲವೋ?

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ತಪ್ಪಿದ್ದು ಒಂದು ಮುಳ್ಳೋ, ಹಲವೋ? ಹಲವು ಕೂಡಿ ತಪ್ಪಿದರೆ ಅವೆಲ್ಲಕ್ಕೂ ಸಮಾನವಾದ ಜಾಗವನ್ನು, ಅಂದರೆ ಫ್ಯೂಸು, ಸ್ಟೆಬಿಲೈಸರ್, ಅರ್ಥ್‌ಗಳನ್ನು ಹುಡುಕಬೇಕು. ಒಂದೇ ತಪ್ಪಿದರೆ ಅದರದೇ ದಾರಿಯನ್ನು ಹಿಡಿಯಬೇಕು.

ಕುರುಗೋಡಿನ ಕಡೆ ಮೆಣಸಿನಕಾಯಿ ಸಾಗಿಸುವ ಮತ್ತೊಂದು ಬಂಡಿಯಲ್ಲಿ ಡೀಸೆಲ್ ಮುಳ್ಳೊಂದೇ ಸೊನ್ನೆಯಲ್ಲಿ ಮಲಗಿದೆಯೆಂದು ತಿಳಿಯೋಣ. ಮಳೆಗಾಲದ ಎರೆಮಣ್ಣು ಟ್ಯಾಂಕಿಗೆ ಮೆತ್ತಿ, ತೇವ ನಿಂತು, ಅರ್ಥ್ ತಂತಿಯ ಬುಡಕ್ಕೆ ತುಕ್ಕು ಹಿಡಿದಿರಬಹುದು. ತುಕ್ಕು ವಿದ್ಯುತ್ತಿಗೆ ಅಡ್ಡಗೋಡೆ. ವಿಚಿತ್ರ ನೋಡಿ: ಸ್ಟೆಬಿಲೈಸರಿನ ಅರ್ಥ್ ತಪ್ಪಿದರೆ ಮುಳ್ಳುಗಳು ಏರುತ್ತವೆ, ಟ್ಯಾಂಕಿನ ಅರ್ಥ್ ತಪ್ಪಿದರೆ ಮುಳ್ಳು ಬೀಳುತ್ತದೆ!

ಪರೀಕ್ಷೆ ಸುಲಭ. ಕೀಲಿ ಬಂದ್ ಮಾಡಿ, ಟ್ಯಾಂಕಿನಿಂದ ಬರುವ ತಂತಿಯನ್ನು ಮಾಪಕದ ಹಿಂಬದಿಯಲ್ಲಿ ಬಿಡಿಸಿ, ಮಾಪಕದ ಆ ತುದಿಯನ್ನು ಬಂಡಿಯ ಮೈಗೆ ಬೇರೊಂದು ತಂತಿಯಿಂದ ಕೂಡಿಸಬೇಕು. ಬಳಿಕ ಕೀಲಿ ತಿರುಗಿಸಿದರೆ ಮುಳ್ಳು ಏಳತೊಡಗಬೇಕು. ಎದ್ದೊಡನೆ ಕೀಲಿಯನ್ನು ಮತ್ತೆ ಬಂದ್ ಮಾಡಬೇಕು. ಎದ್ದರೆ ಮಾಪಕ ನಿರಪರಾಧಿ. ದೋಷ ತಂತಿಯಲ್ಲೋ, ಟ್ಯಾಂಕಿನ ಗುಂಡಿನಲ್ಲೋ, ಅರ್ಥಿನಲ್ಲೋ ಇದೆ. ಟ್ಯಾಂಕಿನ ಬಾಯಿಯ ಬಳಿ ಮಾತ್ರ ಈ ಆಟ ಕೂಡದು. ಒಂದು ಕಿಡಿ ಸಾಕು, ಅನಾಹುತವಾದೀತು. ಕೆಲವು ತಯಾರಿಕೆಗಳಲ್ಲಿ ರೋಧದ ಏರ್ಪಾಡು ತಿರುವುಮುರುವಾಗಿರುವುದರಿಂದ ಬಂಡಿಯ ಕೈಪಿಡಿಯನ್ನು ಮೊದಲು ನೋಡುವುದು ಜಾಣತನ.

ನಿಜ ಹೇಳದ ಮೌನ

ಕೊನೆಗೆ ಒಂದು ಎಚ್ಚರಿಕೆ. ಏರಿದ ಮುಳ್ಳಿಗಿಂತ ಇಳಿದ ಮುಳ್ಳು ಹೆಚ್ಚು ಅಪಾಯಕಾರಿಯಾಗಬಲ್ಲದು. ನೀರೆಲ್ಲ ಸೋರಿಹೋಗಿ ಬಿರಡೆ ಬರಿಯ ಗಾಳಿಯಲ್ಲಿ ನಿಂತರೆ ಅದಕ್ಕೆ ಎಂಜಿನ್ನಿನ ಕಾವು ಸರಿಯಾಗಿ ತಟ್ಟದೆ ಹೋಗಬಹುದು. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ಕುಳಿತಿರುತ್ತದೆ. ಆದುದರಿಂದ ಹೊರಡುವ ಮುನ್ನ, ಎಂಜಿನ್ ತಣ್ಣಗಿರುವಾಗಲೇ, ನೀರನ್ನೂ ಎಣ್ಣೆಯನ್ನೂ ಕಣ್ಣಾರೆ ನೋಡಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಎಣ್ಣೆಯ ಒತ್ತಡದ ಮುಳ್ಳು ಸೊನ್ನೆಗೆ ಬಿದ್ದರಂತೂ ಮೊದಲು ಎಂಜಿನ್ ನಿಲ್ಲಲಿ, ಆಮೇಲೆ ಮಾಪಕದ ಮೇಲೆ ಸಂಶಯ ಬರಲಿ.

ಮಾಪಕವು ನಮಗೆ ಡೀಸೆಲನ್ನಾಗಲಿ ಶಾಖವನ್ನಾಗಲಿ ತೋರಿಸುವುದಿಲ್ಲ. ತನ್ನ ಮೂಲಕ ಹರಿದ ಪ್ರವಾಹವನ್ನಷ್ಟೇ ತೋರಿಸುತ್ತದೆ. ಉಳಿದುದು ನಮ್ಮ ಊಹೆ. ಯಾವ ಉಪಕರಣದ ಮುಂದೆ ನಿಂತಾಗಲೂ ವಿದ್ಯಾರ್ಥಿಗಳು ಈ ಮಾತನ್ನು ನೆನೆದರೆ, ಪ್ರಯೋಗಶಾಲೆಯಲ್ಲಿಯೂ ಬಳ್ಳಾರಿಯ ರಸ್ತೆಯಲ್ಲಿಯೂ ಅದು ಸಮಾನವಾಗಿ ಉಪಯೋಗಕ್ಕೆ ಬಂದೀತು.