ಜಠರದ ಬೈಪಾಸ್ ಆದವರಲ್ಲಿ ಸ್ಟೆಂಟ್ ಜಾರದಂತೆ ಎಚ್ಚರಿಕೆ

ಮಿತಿಮೀರಿದ ಬೊಜ್ಜಿಗೆ ಮಾಡುವ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಇಂದು ದೆಹಲಿಯ ಏಮ್ಸ್‌ನಲ್ಲಿಯೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಇದರಲ್ಲಿ ಜಠರದ ಮೇಲ್ಭಾಗವನ್ನು ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವಾಗಿ ಬೇರ್ಪಡಿಸಿ ಸಣ್ಣಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಉಳಿದ ದೊಡ್ಡ ಜಠರವನ್ನು ತೆಗೆಯುವುದಿಲ್ಲ. ಆಹಾರ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ.

ತೂಕ ಶೀಘ್ರವಾಗಿ ಇಳಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲು ಉಂಟಾಗುವ ಸಂಭವ ಹೆಚ್ಚು. ಆ ಕಲ್ಲು ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಹೊಟ್ಟೆನೋವು, ಕಾಮಾಲೆ, ಚಳಿಜ್ವರಗಳು ತೋರುತ್ತವೆ. ಸಾಮಾನ್ಯವಾಗಿ ಬಾಯಿಯ ಮೂಲಕ ಎಂಡೋಸ್ಕೋಪನ್ನು ಇಳಿಸಿ, ಜಠರವನ್ನು ದಾಟಿ, ಇ.ಆರ್.ಸಿ.ಪಿ. ಎಂಬ ವಿಧಾನದಿಂದ ಕಲ್ಲನ್ನು ತೆಗೆಯುತ್ತಾರೆ. ಬೈಪಾಸ್ ಆದವರಲ್ಲಿ ಆ ದಾರಿಯೇ ಬದಲಾಗಿರುವುದರಿಂದ ಇದು ಸುಲಭಸಾಧ್ಯವಲ್ಲ.

ಇದಕ್ಕೆ 2010ರ ದಶಕದಲ್ಲಿ ಒಂದು ಹೊಸ ಉಪಾಯ ಬಳಕೆಗೆ ಬಂದಿತು. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪಿನ ನೆರವಿನಿಂದ, ಸಣ್ಣ ಚೀಲದಿಂದ ಹಳೆಯ ಜಠರಕ್ಕೆ ರಂಧ್ರ ಮಾಡಿ, ಡಮರುವಿನ ಆಕಾರದ ಲೋಹದ ಸ್ಟೆಂಟನ್ನು ಕೂರಿಸುತ್ತಾರೆ. ಅದರ ಅಗಲವಾದ ಎರಡು ತುದಿಗಳು ಎರಡೂ ಗೋಡೆಗಳನ್ನು ಒತ್ತಿ ಹಿಡಿಯುತ್ತವೆ. ನಡುವಿನ ದ್ವಾರದ ಮೂಲಕ ಇ.ಆರ್.ಸಿ.ಪಿ. ನಡೆಯುತ್ತದೆ.

ಅಪಾಯವಿರುವುದು ಇಲ್ಲಿಯೇ. ಮೊದಲ ದಿನಗಳಲ್ಲಿ ಎರಡು ಗೋಡೆಗಳು ಪರಸ್ಪರ ಅಂಟಿರುವುದಿಲ್ಲ. ಸ್ಟೆಂಟ್ ಒಂದೇ ಅವುಗಳನ್ನು ಹಿಡಿದಿರುತ್ತದೆ. ಎಂಡೋಸ್ಕೋಪ್ ಒಳಹೋಗುವಾಗ ಅಥವಾ ಹೊರಬರುವಾಗ ಉಜ್ಜಿ ಸ್ಟೆಂಟ್ ಜಾರಿದರೆ, ಜಠರದ ರಸ ಹೊಟ್ಟೆಯೊಳಗೆ ಸೋರಿ ತೀವ್ರ ಸೋಂಕಾಗಬಹುದು.

ಆದಕಾರಣ, ಅವಸರವಿಲ್ಲದಾಗ ವೈದ್ಯರು ಸ್ಟೆಂಟ್ ಇಟ್ಟ ಎರಡರಿಂದ ನಾಲ್ಕು ವಾರಗಳ ನಂತರವೇ ಇ.ಆರ್.ಸಿ.ಪಿ. ಮಾಡಲು ಬಯಸುತ್ತಾರೆ. ಅಷ್ಟರಲ್ಲಿ ಗೋಡೆಗಳು ಬೆಸೆದು ದಾರಿ ಗಟ್ಟಿಯಾಗುತ್ತದೆ. 15 ಮಿಲಿಮೀಟರಿಗಿಂತ 20 ಮಿಲಿಮೀಟರ್ ವ್ಯಾಸದ ಸ್ಟೆಂಟಿನಲ್ಲಿ ಉಜ್ಜುವಿಕೆ ಕಡಿಮೆ. ಪಿತ್ತನಾಳದ ಸೋಂಕಿನಿಂದಾಗಿ ಕಾಯಲಾಗದಿದ್ದಾಗ, ಸ್ಟೆಂಟನ್ನು ಹೊಲಿಗೆಯಿಂದ ಅಥವಾ ಕ್ಲಿಪ್ಪಿನಿಂದ ಗೋಡೆಗೆ ಬಂಧಿಸಬಹುದು. ಇಲ್ಲವೇ ಲ್ಯಾಪರೋಸ್ಕೋಪಿಯ ದಾರಿಯನ್ನು ಆರಿಸಬಹುದು. ಎಂಡೋಸ್ಕೋಪನ್ನು ಮೆಲ್ಲನೆ ಸಾಗಿಸಿ, ಹೊರತೆಗೆಯುವಾಗ ಸ್ಟೆಂಟ್ ಸ್ವಸ್ಥಾನದಲ್ಲಿದೆಯೇ ಎಂದು ನೋಡುವುದೂ ಅಗತ್ಯ. ಕೆಲಸ ಮುಗಿದ ಮೇಲೆ ಸ್ಟೆಂಟನ್ನು ತೆಗೆದು ರಂಧ್ರ ಮುಚ್ಚಿತೆಂದು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಆಹಾರ ಹಳೆಯ ದಾರಿ ಹಿಡಿದು ತೂಕ ಮರಳಬಹುದು.

ರೋಗಿಯ ಪಾಲಿನ ಕರ್ತವ್ಯವೂ ಉಂಟು. ನಮ್ಮಲ್ಲಿ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಆಗಿ, ನೋವು ನೋಯ್ಡಾದಲ್ಲಿಯೋ ದ್ವಾರಕಾದಲ್ಲಿಯೋ ಕಾಣಿಸಿಕೊಳ್ಳುವುದು ಅಸಂಭವವಲ್ಲ. ಆದುದರಿಂದ ಡಿಸ್ಚಾರ್ಜ್ ಪತ್ರದ ಪ್ರತಿ ಸದಾ ಮನೆಯಲ್ಲಿರಲಿ. ಹೊಸ ವೈದ್ಯರಿಗೆ ಮೊದಲ ಮಾತಾಗಿಯೇ ಬೈಪಾಸಿನ ವಿಷಯ ತಿಳಿಸಿರಿ. ಸ್ಟೆಂಟ್ ಒಳಗಿರುವಾಗ ಊರಿನ ಮದುವೆಗೆಂದು ಎರಡು ರಾತ್ರಿಯ ರೈಲು ಹತ್ತುವ ಮುನ್ನ ವೈದ್ಯರನ್ನು ಕೇಳಿರಿ. ಹಠಾತ್ತನೆ ತೀವ್ರ ಹೊಟ್ಟೆನೋವು, ಜ್ವರ, ರಕ್ತವಾಂತಿ ಅಥವಾ ಕಪ್ಪು ಮಲ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ವೈದ್ಯರು ಕಾಯಲು ಹೇಳಿದ ವಾರಗಳು ವ್ಯರ್ಥ ಕಾಲವಲ್ಲ. ಚಿಕಿತ್ಸೆಯ ಸುರಕ್ಷತೆ ಬಹುಪಾಲು ಆ ವಾರಗಳಲ್ಲಿಯೇ ಸಿದ್ಧವಾಗುತ್ತದೆ.